ಪೆನ್ನು ನನ್ನದು, ಪರೀಕ್ಷೆ ಅವಳದು

2014ರ ಮಾತು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲ ಸಲ ಸ್ಕ್ರೈಬ್ ಆಗಿ ಕೂತಿದ್ದೆ. ಬಿ.ಎ. ಇತಿಹಾಸದ ಪರೀಕ್ಷೆ. ಹುಡುಗಿ ಗದಗದ ಕಡೆಯವಳು, ಹುಟ್ಟಿನಿಂದಲೇ ಕಣ್ಣು ಕಾಣದು. ನಾನು ಪ್ರಶ್ನೆ ಓದಬೇಕು, ಅವಳು ಹೇಳಿದ ಉತ್ತರ ಬರೆಯಬೇಕು, ಅಷ್ಟೇ ಕೆಲಸ. ಆದರೆ ನನ್ನದು ಆಫೀಸಿನಲ್ಲಿ ದಿನವಿಡೀ ಬೇರೆಯವರ ಡಾಕ್ಯುಮೆಂಟ್ ತಿದ್ದುವ ಕೈ. ಅವಳ ಒಂದು ವಾಕ್ಯ ಯಾಕೋ ಸರಿಯಿಲ್ಲ ಅನ್ನಿಸಿ, ಚೂರು ನೇರ ಮಾಡಿ ಬರೆದೆ.

"ಓದ್ರಿ" ಅಂದಳು. ಓದಿದೆ. ಒಂದು ಕ್ಷಣ ಸುಮ್ಮನಿದ್ದಳು.

"ಅಕ್ಕಾರ, ನಾ ಹೇಳಿದ್ದಷ್ಟ ಬರೀರಿ. ಪರೀಕ್ಷೆ ನಂದೈತಿ."

ಹೊಡೆದುಹಾಕಿ ಮತ್ತೆ ಬರೆದೆ. ಮುಖ ಕೆಂಪಾಗಿದ್ದು ಅವಳಿಗೆ ಕಾಣಲಿಲ್ಲ ಅನ್ನೋದೊಂದೇ ಸಮಾಧಾನ. ಸಹಾಯ ಮಾಡಲು ಹೋಗಿದ್ದ ನಾನು ಅವಳ ಮಾತನ್ನೇ ಕಿತ್ತುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಈ ತಪ್ಪಿಗೆ ಇನ್ನೂರು ವರ್ಷದ ಇತಿಹಾಸ ಇದೆ.

ಕತೆ ಶುರುವಾಗೋದು ಪ್ಯಾರಿಸ್ಸಿನಲ್ಲಿ. 1771ರಲ್ಲಿ ಅಲ್ಲಿನ ಒಂದು ಜಾತ್ರೆಯಲ್ಲಿ ಅಂಧರಿಗೆ ವೇಷ ಹಾಕಿ, ಕೈಗೆ ವಾದ್ಯ ಕೊಟ್ಟು, ಜನ ನಗುವಂತೆ ಕೂರಿಸಿದ್ದರು. ಅದನ್ನು ನೋಡಿ ನೊಂದುಕೊಂಡವನು ವ್ಯಾಲೆಂಟಿನ್ ಆಯುಯಿ. ಮುಂದೆ 1785ರ ಹೊತ್ತಿಗೆ ಅವನು ಅಂಧ ಮಕ್ಕಳಿಗೇ ಅಂತ ಒಂದು ಶಾಲೆ ನಡೆಸತೊಡಗಿದ. ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ದೊಡ್ಡದಾಗಿ ಉಬ್ಬಿಸಿ ಪುಸ್ತಕ ಮಾಡಿಸಿದ. ಉದ್ದೇಶ ಒಳ್ಳೆಯದೇ. ಆದರೆ ಆ ಪುಸ್ತಕ ಹೊರಲು ಭಾರ, ಬೆರಳಿಗೆ ಓದಲು ನಿಧಾನ. ಮಕ್ಕಳು ತಾವಾಗಿ ಆ ಉಬ್ಬಕ್ಷರ ಬರೆದುಕೊಳ್ಳುವುದಂತೂ ಸುಲಭವಿರಲಿಲ್ಲ. ಅದು ಕಣ್ಣಿದ್ದವರು ಯೋಚಿಸಿದ ಲಿಪಿ.

ಆ ಶಾಲೆಗೆ 1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಬಂದ. ಅಪ್ಪ ಕುದುರೆಯ ಜೀನು, ಲಗಾಮು ಮಾಡುವವನು. ಮೂರು ವರ್ಷದವನಿದ್ದಾಗ ಅಪ್ಪನ ಅಂಗಡಿಯಲ್ಲಿ ಆಡುತ್ತಾ ಚರ್ಮ ಚುಚ್ಚುವ ದಬ್ಬಳ ಕಣ್ಣಿಗೆ ಬಡಿದು, ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿತ್ತು. ಸೈನ್ಯದಲ್ಲಿದ್ದ ಚಾರ್ಲ್ಸ್ ಬಾರ್ಬಿಯೇ ಹನ್ನೆರಡು ಚುಕ್ಕೆಗಳ ಒಂದು ಬರವಣಿಗೆ ಕಂಡುಹಿಡಿದಿದ್ದ. ಹನ್ನೆರಡು ಚುಕ್ಕೆ ಒಂದು ಬೆರಳತುದಿಗೆ ಹಿಡಿಸೋದಿಲ್ಲ ಅಂತ ಬೆರಳಲ್ಲಿ ಓದುವ ಹುಡುಗನಿಗೆ ತಕ್ಷಣ ಗೊತ್ತಾಯಿತು. ಆರಕ್ಕೆ ಇಳಿಸಿದ. 1824ರ ಹೊತ್ತಿಗೆ, ಹದಿನೈದರ ವಯಸ್ಸಿನಲ್ಲಿ, ಲಿಪಿ ಬಹುತೇಕ ಸಿದ್ಧ. 1829ರಲ್ಲಿ ಪುಸ್ತಕವಾಗಿ ಬಂತು.

ಶಾಲೆ ಅದನ್ನು ಅಪ್ಪಿಕೊಂಡಿತು ಅಂದುಕೊಂಡಿರಾ? 1840ರಲ್ಲಿ ಬಂದ ಹೊಸ ನಿರ್ದೇಶಕ ದ್ಯುಫೋ ಅದನ್ನು ನಿಲ್ಲಿಸಿಬಿಟ್ಟ. ಬೇರೆ ಲಿಪಿ ಕಲಿತರೆ ಅಂಧರು ಸಮಾಜದಿಂದ ದೂರವಾಗ್ತಾರೆ ಅನ್ನೋದು ಆಗಿನವರ ವಾದ. ಒಳಗಿನ ಸಂಗತಿ ಏನಂದ್ರೆ, ಆ ಚುಕ್ಕೆಗಳನ್ನು ಕಣ್ಣಿದ್ದ ಮೇಷ್ಟ್ರುಗಳಿಗೆ ಓದಲು ಬರುತ್ತಿರಲಿಲ್ಲ. ಮಕ್ಕಳು ಕದ್ದುಮುಚ್ಚಿ ಬರೆದುಕೊಂಡರು. ಕೊನೆಗೆ ಅದೇ ನಿರ್ದೇಶಕ ಮನಸ್ಸು ಬದಲಾಯಿಸಿದ. ಬ್ರೈಲ್ ತೀರಿಕೊಂಡಿದ್ದು 1852ರಲ್ಲಿ. ಫ್ರಾನ್ಸಿನಲ್ಲಿ ಅಧಿಕೃತ ಮನ್ನಣೆ ಸಿಕ್ಕಿದ್ದು 1854ರಲ್ಲಿ, ಎರಡು ವರ್ಷ ತಡವಾಗಿ.

ಈ ಪಾಠವನ್ನು ಚೆನ್ನಾಗಿ ಕಲಿತವರು ಲಂಡನ್ನಿನ ಥಾಮಸ್ ಆರ್ಮಿಟೇಜ್. ವೃತ್ತಿಯಲ್ಲಿ ವೈದ್ಯರು, ದೃಷ್ಟಿ ಕೆಟ್ಟು ವೃತ್ತಿ ಬಿಟ್ಟವರು. ಯಾವ ಲಿಪಿ ಒಳ್ಳೇದು ಅಂತ ತೀರ್ಮಾನಿಸಬೇಕಾದವರು ಬೆರಳಲ್ಲಿ ಓದುವವರೇ ಅಂತ ಹಟ ಹಿಡಿದು, 1868ರಲ್ಲಿ ಒಂದು ಸಂಘ ಕಟ್ಟಿದರು. ಇವತ್ತಿನ ಆರ್‌ಎನ್‌ಐಬಿ ಅದೇ. ಕಣ್ಣಿದ್ದವರಿಗೂ ಅಲ್ಲಿ ಕೆಲಸವಿತ್ತು, ಕೂತು ಪುಸ್ತಕಗಳನ್ನು ಕೈಯಲ್ಲೇ ಬ್ರೈಲ್‌ಗೆ ಇಳಿಸುವುದು.

ನಮ್ಮಲ್ಲಿ ಅಂಧ ಮಕ್ಕಳ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. 1901ರಲ್ಲಿ ಮೈಸೂರಿನಲ್ಲೂ ಒಂದು ಶಾಲೆ ಆಯಿತು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಬಂದಿದ್ದು 1951ರಲ್ಲಿ. ಕನ್ನಡದ 'ಕ', ಹಿಂದಿಯ 'ಕ', ತಮಿಳಿನ 'ಕ' ಎಲ್ಲಕ್ಕೂ ಅದರಲ್ಲಿ ಅವೇ ಎರಡು ಚುಕ್ಕೆ.

ನಮ್ಮ ಆರ್ಮಿಟೇಜ್ ಯಾರು ಅಂತ ಕೇಳಿದರೆ ನಾನು ಆ ಹುಡುಗಿಯ ಊರಿನ ಕಡೆಗೇ ಕೈ ತೋರಿಸ್ತೀನಿ. ಗದಗದ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅನ್ನ ಕೊಟ್ಟವರು, ಧಾನ್ಯ ಕೊಟ್ಟವರು ಸಾವಿರಾರು ಜನ, ಅದು ದೊಡ್ಡದೇ. ಆದರೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅಂತ ನಿರ್ಧರಿಸಿದವರು ಸ್ವತಃ ಆ ಕತ್ತಲನ್ನು ಬಲ್ಲ ಗುರುಗಳು.

ಹಾಗಾದ್ರೆ ಕಣ್ಣಿದ್ದ ವಾಲಂಟಿಯರ್ ಏನು ಮಾಡಬೇಕು? 1948ರಲ್ಲಿ ನ್ಯೂಯಾರ್ಕಿನ ಆನ್ ಮ್ಯಾಕ್‌ಡೊನಾಲ್ಡ್‌ಗೆ ಉತ್ತರ ಸಿಕ್ಕಿದ್ದು ಪತ್ರಗಳಲ್ಲಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಸರ್ಕಾರ ಕಾಲೇಜಿನ ಖರ್ಚು ಕೊಡುತ್ತಿತ್ತು, ಪಠ್ಯಪುಸ್ತಕ ಓದುವುದು ಹೇಗೆ? ಅವರು ಕೇಳಿದ್ದು ಅದನ್ನೇ. ವಾಲಂಟಿಯರುಗಳು ಪುಸ್ತಕ ಓದಿ ಡಿಸ್ಕ್‌ಗಳಲ್ಲಿ ರೆಕಾರ್ಡ್ ಮಾಡಿದರು. ಡಿಸ್ಕಿನ ಒಂದು ಬದಿಗೆ ಹಿಡಿಸುತ್ತಿದ್ದುದು 12 ನಿಮಿಷ ಮಾತ್ರ. ಒಂದು ಕಾನೂನು ಪುಸ್ತಕಕ್ಕೆ ಎಷ್ಟು ಡಿಸ್ಕ್ ಬೇಕು, ಲೆಕ್ಕ ಹಾಕಿ!

ನಮ್ಮ ಸ್ಕ್ರೈಬ್ ಕತೆಗೆ ಬರೋಣ. 2013ರ ಕೇಂದ್ರ ಮಾರ್ಗಸೂಚಿ ಪ್ರಕಾರ ಇಂಥ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಸ್ಕ್ರೈಬ್ ಇಷ್ಟೇ ಓದಿರಬೇಕು ಅನ್ನೋ ಮಿತಿ ಇರಲಿಲ್ಲ. 2018ರಲ್ಲಿ ಬಂದದ್ದರಲ್ಲಿ, ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್ ಅವರಿಗಿಂತ ಒಂದು ಹಂತ ಕಡಿಮೆ ಓದಿರಬೇಕು ಅಂತಾಯಿತು. ಬರೆಯುವವರೇ ಉತ್ತರ ಸೇರಿಸಿಬಿಟ್ಟರೆ ಅನ್ನೋ ಅನುಮಾನ ಇಂಥ ಮಿತಿಗಳ ಹಿಂದೆ ಇದ್ದೇ ಇರುತ್ತೆ. ಅದನ್ನು ಓದಿದಾಗ ನಾನು ತಿದ್ದಿದ ಆ ವಾಕ್ಯ ನೆನಪಾಯಿತು. ನಮ್ಮಂಥವರ ಅತಿ ಉತ್ಸಾಹಕ್ಕೆ ದಂಡ ತೆರೋದು ಸ್ಕ್ರೈಬ್ ಸಿಗದೆ ಪರದಾಡುವ ಇಂಥ ಮಕ್ಕಳು.

ಹಾಗಾಗಿ ಈಗ ಡಿಗ್ರಿ ಪರೀಕ್ಷೆಗೆ ನಾನು ಕೂರಲ್ಲ, ಭಾನುವಾರ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡ್ತೀನಿ. ನಿಮ್ಮ ಮನೆಯಲ್ಲಿ ಪಿಯುಸಿ ಮುಗಿಸಿದ ತಮ್ಮನೋ ತಂಗಿಯೋ ಇದ್ದರೆ ಹತ್ತಿರದ ಅಂಧರ ಸಂಸ್ಥೆಯಲ್ಲಿ ವಿಚಾರಿಸಿ, ಆ ಪರೀಕ್ಷೆಯ ನಿಯಮ ಕೇಳಿಕೊಂಡು ಹೆಸರು ಕೊಡಿಸಿ. ಅಕ್ಷರ ಬಿಡಿಸಿ ಬರೆಯೋದು, ಕೇಳಿದಾಗ ಓದಿ ಹೇಳೋದು, ಇಷ್ಟು ಹೇಳಿಕೊಟ್ಟರೆ ಸಾಕು.

ಅವತ್ತು ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದೆವು. ನಾನು ಸಾರಿ ಕೇಳಿದೆ. ಅವಳು ನಕ್ಕಳು.

"ಮೊದಲ್ನೇ ಸಲ ಎಲ್ಲಾರೂ ಹಂಗ ಮಾಡ್ತಾರ್ರೀ. ಮಂಗಳವಾರದ ಪೇಪರಿಗೆ ಬರ್ತೀರೇನ್ರಿ?"

ರಜೆ ಹಾಕಿ ಹೋದೆ.