ಊರಿಗೆ ಹೋದ ದುಡ್ಡು, ಪುಣೆಯಲ್ಲಿ ಉಳಿದ ದುಡಿಮೆ

"ಹೊರಗಿನವರು ಬರ್ತಾರೆ, ದುಡೀತಾರೆ, ದುಡ್ಡೆಲ್ಲ ಊರಿಗೆ ಕಳಿಸ್ತಾರೆ. ನಮ್ಮೂರಿಗೇನು ಬಂತು?" ಪುಣೆಯಲ್ಲಿ ಬಹಳ ವರ್ಷ ಇದ್ದವರಿಗೆ ಈ ಮಾತು ಹೊಸದಲ್ಲ. ಸಿಟ್ಟು ಮಾಡಿಕೊಳ್ಳೋ ಬದಲು ಸ್ವಲ್ಪ ಇತಿಹಾಸ ಇಟ್ಟುಕೊಂಡು ಲೆಕ್ಕ ಹಾಕೋಣ.

ಪುಣೆ ಕಡೆಯಿಂದ ಹೊರಟ ರೈಲು ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು. 1871ರಲ್ಲಿ ಕಲಬುರಗಿ ಸೀಮೆ ದಾಟಿ ರಾಯಚೂರಿಗೆ ಹೋಯಿತು. 1880ರಲ್ಲಿ ಅಂಚೆ ಇಲಾಖೆ ಮನಿಆರ್ಡರ್ ಶುರು ಮಾಡಿತು. ಆಳು ಬರೋದಕ್ಕೆ ರೈಲು, ದುಡ್ಡು ಹೋಗೋದಕ್ಕೆ ಅಂಚೆ. ಸಂಸಾರ ಊರಲ್ಲಿ ಬಿಟ್ಟು ದೂರದ ಪಟ್ಟಣದಲ್ಲಿ ದುಡಿಯೋದು ಇದರಿಂದ ಸಾಧ್ಯವಾಯಿತು.

ಕರಾವಳಿಯವರು ಇಲ್ಲಿ ಹೋಟೆಲ್ ಹಿಡಿದರು. ಫರ್ಗ್ಯುಸನ್ ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದ, 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರ ಹೆಸರು ಗೊತ್ತಿಲ್ಲದ ಪುಣೇಕರ್ ಕಡಿಮೆ. ಇಂಥ ಹೋಟೆಲುಗಳ ಹುಡುಗರಿಗೆ ಊಟ, ವಸತಿ ಅಲ್ಲೇ. ಹಾಗಾಗಿ ಪಗಾರದ ಬಹುಪಾಲು ಊರಿಗೆ ಹೋಗುತ್ತಿತ್ತು. ಮನಿಆರ್ಡರಿಗೆ ನೂರಕ್ಕೆ ಐದು ರೂಪಾಯಿ ಕಮಿಷನ್ ಬೇರೆ! ಆ ಹಳೆಯ ಸೇವೆ 2015ರಲ್ಲಿ ನಿಂತಿತು, ಈಗ ಮೊಬೈಲಿನಲ್ಲೇ ಕೆಲಸ ಮುಗಿಯುತ್ತೆ.

ಇತ್ತ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು. 1962ರಲ್ಲಿ ಎಂಐಡಿಸಿ ಹುಟ್ಟಿದ ಮೇಲೆ ಕಾರ್ಖಾನೆಗಳ ಸಾಲೇ ಬಂತು. 1972ರ ಬರ ಕಲಬುರಗಿ, ವಿಜಯಪುರದ ಹಳ್ಳಿಗಳನ್ನೂ ಹಿಂಡಿತು. ಗುಳೆ ಹೋಗೋದು ಆ ಕಡೆಯವರ ಬದುಕಿನ ಭಾಗವಾಯಿತು. 1990ರ ದಶಕದಿಂದ ಹಿಂಜವಡಿಯಲ್ಲಿ ಐಟಿ ಪಾರ್ಕ್ ಎದ್ದಾಗ ಅಡಿಪಾಯ ತೋಡಿದವರಲ್ಲಿ, ಸಿಮೆಂಟ್ ಪುಟ್ಟಿ ಹೊತ್ತವರಲ್ಲಿ ಕನ್ನಡ ಮಾತಾಡುವವರೂ ಇದ್ದರು.

ಈಗ ಲೆಕ್ಕ. ಗೌಂಡಿಗೆ ನೂರು ರೂಪಾಯಿ ಕೂಲಿ ಸಿಕ್ಕಿ, ನಲವತ್ತು ಊರಿಗೆ ಹೋಯಿತು ಅನ್ನಿ. ಅರವತ್ತು ಇಲ್ಲೇ ಕಿರಾಣಿ ಅಂಗಡಿಗೆ, ಖೋಲಿ ಬಾಡಿಗೆಗೆ ಖರ್ಚಾಯಿತು. ಅವನು ಕಟ್ಟಿದ ಗೋಡೆ ಮಾತ್ರ ಪೂರ್ತಿ ಇಲ್ಲೇ ಉಳಿಯಿತು. ಊರಿಗೆ ಹೋದದ್ದು ಕೂಲಿಯ ಒಂದು ಪಾಲು, ಕೆಲಸದಿಂದ ಹುಟ್ಟಿದ ಸಂಪತ್ತಲ್ಲ. ಆ ನಲವತ್ತು ಇಲ್ಲೇ ಖರ್ಚಾಗಿದ್ದರೆ ಇಲ್ಲಿನ ಅಂಗಡಿಯವನಿಗೆ ಲಾಭವಿತ್ತು, ಅದು ನಿಜ. ಆದರೆ ಅದೇ ರೂಪಾಯಿ ಊರಿನ ಶೋರೂಮಿನಲ್ಲಿ ಪುಣೆಯ ಬಜಾಜ್ ಗಾಡಿ ಕೊಂಡು ತಿರುಗಿ ಬರಲೂಬಹುದು. ದುಬೈ, ಕುವೈತಿನಿಂದ ಹೋಗುವ ಹಣ ದೇಶವನ್ನೇ ದಾಟುತ್ತೆ. ಆದರೂ ಅಲ್ಲಿನ ಕಟ್ಟಡಗಳೂ ಅಲ್ಲೇ ನಿಂತಿವೆ ನೋಡಿ.

ಲೆಕ್ಕದ ಪುಸ್ತಕಕ್ಕೆ ಬಾರದ ಇನ್ನೊಂದು ಬಾಬತ್ತಿದೆ. ಗೌಂಡಿಯನ್ನು ಇಪ್ಪತ್ತು ವರ್ಷ ಸಾಕಿದ್ದು ಹಳ್ಳಿ. ಮೈಯಲ್ಲಿ ಕಸುವು ಇರೋವರೆಗೆ ಪುಣೆಗೆ, ಸೊಂಟ ಬಿದ್ದ ಮೇಲೆ ಮತ್ತೆ ಹಳ್ಳಿಗೆ. ಅವನ ಮಕ್ಕಳನ್ನು, ತಂದೆತಾಯಿಯನ್ನು ನೋಡಿಕೊಳ್ಳೋ ಖರ್ಚು ನಗರದ ಮೇಲೆ ಅಷ್ಟಾಗಿ ಬೀಳೋದಿಲ್ಲ. ಊರಿಗೆ ಹೋಗುವ ದುಡ್ಡು ಆ ಸಾಲದ ಕಂತು ಅಷ್ಟೇ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಜನ ನಡೆದು, ಲಾರಿ ಹತ್ತಿ, ಮೇ ತಿಂಗಳಿಂದ ಶ್ರಮಿಕ್ ರೈಲು ಹಿಡಿದು ಊರು ಸೇರಿದರು. ಹಳ್ಳಿಗೆ ದುಡ್ಡು ನಿಂತಿತು. ಆಮೇಲೆ ಕೆಲಸ ಶುರುಮಾಡಲು ಪರವಾನಗಿ ಸಿಕ್ಕಾಗ ಬಿಲ್ಡರುಗಳು ಆಳಿಲ್ಲ ಅಂತ ಪರದಾಡಿದರು. ದುಡ್ಡು ಹೋಗೋದು ನಿಂತರೆ ಪುಣೆ ಶ್ರೀಮಂತವಾಗಬೇಕಿತ್ತಲ್ಲ?

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾನೂನಾಗಿದೆ, ಕಟ್ಟಡದ ವೆಚ್ಚದ ಮೇಲೆ ಸೆಸ್ಸೂ ಇದೆ. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಇವತ್ತು ವಾರ್ಜೆ, ನಾಳೆ ವಾಘೋಲಿ ಅಂತ ಅಲೆಯುವವನಿಗೆ ಅದನ್ನು ಯಾರು ಬರೆದುಕೊಡ್ತಾರೆ? ಊರಿಗೆ ಎಷ್ಟು ಕಳಿಸ್ತಾರೆ ಅಂತ ಕೇಳುವವರು ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಲಿ.