ಫ್ಲೋರೈಡ್ ಎಂಬ ಅಂಕಿ: ಅಳತೆಯಿಂದ ಅರ್ಥದವರೆಗೆ

ತುಮಕೂರು ನಗರ ಹೇಮಾವತಿಯ ನೀರನ್ನು ಬುಗುಡನಹಳ್ಳಿ ಕೆರೆಗೆ ತುಂಬಿಸಿಕೊಂಡು ಕುಡಿಯುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಿಗೆ ಇಂದಿಗೂ ಕೊಳವೆಬಾವಿಯೇ ಗತಿ. ಪಾವಗಡದ ಫ್ಲೋರೈಡ್ ಸಮಸ್ಯೆ ಕಂಡ ಈ ಜಿಲ್ಲೆಯಲ್ಲಿ ನೀರಿನ ವರದಿಯ ಒಂದು ಅಂಕಿ ಊರಿನ ಬಾವಿಯ ಹಣೆಬರಹ ಬರೆಯುತ್ತದೆ. ಆ ಅಂಕಿಯನ್ನು ರಸಾಯನಶಾಸ್ತ್ರ ನಂಬಲು ಕಲಿತದ್ದು ಹಂತಹಂತವಾಗಿ, ಅನುಮಾನಿಸುತ್ತಲೇ.

1931ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅವರ ಪ್ರಯೋಗಾಲಯದಲ್ಲಿ, ಹಲ್ಲು ಕಂದುಗಟ್ಟಿಸುತ್ತಿದ್ದ ನೀರಿನಲ್ಲಿ ಫ್ಲೋರೈಡ್ ಕಾಣಿಸಿತು. ಮಾದರಿಯೇ ಕಲುಷಿತವಾಗಿದೆಯೆಂದು ಶಂಕಿಸಿದ ಚರ್ಚಿಲ್ ಹೊಸ ಮಾದರಿ ತರಿಸಿದರು. ಫಲಿತಾಂಶ ಬದಲಾಗಲಿಲ್ಲ, ಆಮೇಲೆಯೇ ಒಪ್ಪಿದರು. 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ರೋಗ ವರದಿಯಾದಾಗ ಭಾರತಕ್ಕೂ ಈ ಅಳತೆ ಅನಿವಾರ್ಯವಾಯಿತು.

ಮುಂದಿನದು ಬಣ್ಣದ ವಿಧಾನಗಳ ಕಾಲ. 1958ರಲ್ಲಿ ಬಂದ ಸ್ಪ್ಯಾಡ್ನ್ಸ್ ವಿಧಾನದಲ್ಲಿ ಜಿರ್ಕೋನಿಯಂ ಜೊತೆ ಬೆರೆತ ಕೆಂಪು ಬಣ್ಣವನ್ನು ಫ್ಲೋರೈಡ್ ಮಾಸಿಸುತ್ತದೆ. ಸುಲಭ, ಅಗ್ಗ. ಆದರೆ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಅಂಕಿಯನ್ನು ಇಳಿಸುತ್ತದೆ, ಫಾಸ್ಫೇಟ್ ಏರಿಸುತ್ತದೆ. ಅಲ್ಯೂಮಿನಿಯಂ ಲವಣವಾದ ಪಟಿಕ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ಪದ್ಧತಿಯ ನೀರನ್ನು ಹೀಗೆ ಅಳೆದರೆ, ಶುದ್ಧೀಕರಣ ನಿಜಕ್ಕಿಂತ ಚೆನ್ನಾಗಿ ಆದಂತೆ ತೋರಬಹುದು.

1966ರಲ್ಲಿ ವಿಜ್ಞಾನಿಗಳಾದ ಫ್ರಾಂಟ್ ಮತ್ತು ರಾಸ್ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ತಂದರು. ಅದು ಬಿಡಿ ಫ್ಲೋರೈಡ್ ಅಯಾನನ್ನು ಮಾತ್ರ ಗುರುತಿಸುತ್ತದೆ. ಹಾಗಾಗಿ ಲೋಹಗಳ ಹಿಡಿತ ಬಿಡಿಸಿ ಪಿಎಚ್ ಸ್ಥಿರಗೊಳಿಸುವ ಬಫರ್ ಬೇಕೇ ಬೇಕು. ಇದರ ಸ್ವಭಾವ ಲಾಗರಿತಮಿಕ್: 25 ಡಿಗ್ರಿಯಲ್ಲಿ ಸಾಂದ್ರತೆ ಹತ್ತುಪಟ್ಟಾದರೆ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ. ಅಂದರೆ ಒಂದು ಮಿಲಿವೋಲ್ಟ್ ತಪ್ಪಿದರೆ ಉತ್ತರ ಸುಮಾರು ಶೇ. 4ರಷ್ಟು ತಪ್ಪುತ್ತದೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ; ಬೇರೆ ನೀರಿಲ್ಲದಾಗ 1.5. ಒಂದು ಬಾವಿಗೆ 1.47, ಇನ್ನೊಂದಕ್ಕೆ 1.53 ಬಂದರೆ ಮೊದಲನೆಯದು ಸುರಕ್ಷಿತ, ಎರಡನೆಯದು ಅಪಾಯ ಎನ್ನಲು ಆ ಉಪಕರಣಕ್ಕೆ ಶಕ್ತಿಯಿಲ್ಲ.

1975ರ ಅಯಾನ್ ಕ್ರೊಮ್ಯಾಟೋಗ್ರಫಿ ಹಲವು ಅಯಾನುಗಳನ್ನು ಬೇರ್ಪಡಿಸಿ ಒಟ್ಟಿಗೆ ಅಳೆಯಿತು. ಆದರೆ ಅದರ ನಕ್ಷೆಯಲ್ಲಿ ಫ್ಲೋರೈಡಿನ ಶಿಖರ ಮೊದಲಿಗೇ, ಅಸಿಟೇಟ್, ಫಾರ್ಮೇಟ್‌ಗಳ ಬಳಿಯೇ ಮೂಡುವುದರಿಂದ ಒಂದರ ಲೆಕ್ಕ ಇನ್ನೊಂದಕ್ಕೆ ಸೇರಬಹುದು.

ಅಳತೆ ಗಟ್ಟಿಯಾದ ಮೇಲೆ ಗಮನ ಅರ್ಥದ ಕಡೆ ಹೊರಳಿತು. ಧನ, ಋಣ ಅಯಾನುಗಳ ವಿದ್ಯುದಾವೇಶದ ಮೊತ್ತ ಶೇ. 5ರೊಳಗೆ ತಾಳೆಯಾಗದ ವಿಶ್ಲೇಷಣೆಯನ್ನು ಮತ್ತೆ ಪರಿಶೀಲಿಸುವುದು ರೂಢಿಯಾಯಿತು. ಗ್ರಾನೈಟ್, ನೈಸ್ ಶಿಲೆಗಳ ನೀರಿನಲ್ಲಿ ಫ್ಲೋರೈಡ್ ಜೊತೆ ಸೋಡಿಯಂ ಏರುವುದುಂಟು. ಅಷ್ಟಕ್ಕೇ ಸೋಡಿಯಂ ಕಾರಣವಾಗುವುದಿಲ್ಲ: ಕ್ಯಾಲ್ಸಿಯಂ ಕಡಿಮೆಯಾದಾಗ ಫ್ಲೋರೈಟ್ ಖನಿಜ ಹೆಚ್ಚು ಕರಗುತ್ತದೆ, ಆ ಕ್ಯಾಲ್ಸಿಯಂನ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಮಳೆಯೂ ಎರಡು ಬಗೆ: ಇಂಗಿ ನೀರನ್ನು ತೆಳುಗೊಳಿಸಬಹುದು, ಮಣ್ಣಿನ ಲವಣ ತೊಳೆದು ತಂದು ಅಂಕಿ ಏರಿಸಲೂಬಹುದು. ಒಂದು ಋತುವಿನ ಮಾದರಿ ವರ್ಷದ ಕಥೆ ಹೇಳದು. ಈಚೆಗೆ ಜನಪ್ರಿಯವಾದ ಜಲಗುಣಮಟ್ಟ ಸೂಚ್ಯಂಕದಲ್ಲೂ, ಉಳಿದೆಲ್ಲ ಅಂಶ ಉತ್ತಮವಿದ್ದರೆ ಫ್ಲೋರೈಡಿನ ಕೆಡುಕು ಸರಾಸರಿಯಲ್ಲಿ ಮರೆಯಾಗಬಹುದು.

ಒಟ್ಟಾರೆ, ಪ್ರತಿ ಹೊಸ ಉಪಕರಣ ಹಳೆಯ ತಪ್ಪನ್ನು ತಿದ್ದಿ ತನ್ನದೇ ತಪ್ಪನ್ನು ತಂದಿದೆ. ಆದ್ದರಿಂದ ಕಾಲೇಜಿನ ಪ್ರಾಜೆಕ್ಟಾಗಲಿ, ಪಂಚಾಯಿತಿಗೆ ಬರುವ ವರದಿಯಾಗಲಿ, ಬಳಸಿದ ವಿಧಾನ, ಮಾದರಿ ತೆಗೆದ ತಿಂಗಳು, ದೋಷದ ಅಂದಾಜು ಈ ಮೂರನ್ನೂ ಅಂಕಿಯ ಪಕ್ಕದಲ್ಲೇ ಮುದ್ರಿಸಬೇಕು. ಇವಿಲ್ಲದ ವರದಿ ಕೈಗೆ ಬಂದರೆ ಕೇಳಿ ಪಡೆಯಿರಿ.