ಮೂರು ಊರಿನ ಚರಿತ್ರೆ, ಹತ್ತೂರಿನಲ್ಲಿ ಕಾಗದ

ಕಡೂರಿನ ಕೋಟೆಯ ಬಳಿಯ ಕಂಬವೊಂದರ ಮೇಲೆ ಒಬ್ಬ ಹೆಣ್ಣುಮಗಳ ಕತೆ ಕೆತ್ತಲಾಗಿದೆ. ಆಕೆ ಗಂಗ ಅರಸು ಬೂತುಗನ ಅಕ್ಕ ಪಾಂಬಬ್ಬೆ. ರಾಜಮನೆತನದ ಸುಖ ಬಿಟ್ಟು, ತಲೆಗೂದಲು ಕಿತ್ತು, ಜೈನ ಸನ್ಯಾಸಿನಿಯಾಗಿ ಮೂವತ್ತು ವರ್ಷ ತಪಸ್ಸು ಮಾಡಿ ಕ್ರಿ.ಶ. 971ರಲ್ಲಿ ದೇಹ ಬಿಟ್ಟಳು. ಈಗ ಇನ್ನೊಂದು ಪ್ರಶ್ನೆ. ಅದಾಗಿ ಸರಿಯಾಗಿ ಸಾವಿರ ವರ್ಷಕ್ಕೆ, 1971ರಲ್ಲಿ, ಅದೇ ಕಡೂರಿನಲ್ಲಿ ಏನೇನಾಯಿತು? ಆ ವರ್ಷ ಕೆರೆ ತುಂಬಿತ್ತೇ, ಕೊಬ್ಬರಿಗೆ ಎಷ್ಟು ಬೆಲೆ ಇತ್ತು, ಪುರಸಭೆಯಲ್ಲಿ ಯಾವುದಕ್ಕೆ ಜಗಳವಾಯಿತು?

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಅರ್ಧ ಗಂಟೆ ಸಾಕು. ಎರಡನೆಯದಕ್ಕೆ ಊರಿನ ಹಿರಿಯರ ನೆನಪೇ ಗತಿ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಚರಿತ್ರೆಯ ವಿಚಿತ್ರ ಇದು. ಹಳೆಯದು ಗಟ್ಟಿಯಾಗಿ ಉಳಿದಿದೆ, ಹೊಸದು ಕಣ್ಣೆದುರೇ ಪುಡಿಯಾಗುತ್ತಿದೆ.

ಹಳೆಯದು ಉಳಿದದ್ದಕ್ಕೆ ಮುಖ್ಯ ಕಾರಣ ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಇಂಗ್ಲಿಷರು ಮೈಸೂರು ಸೀಮೆಯ ಶಾಸನಗಳನ್ನೆಲ್ಲ ಊರೂರಿನಿಂದ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಒಟ್ಟು 8,869 ಶಾಸನಗಳು. 1901ರಲ್ಲಿ ಬಂದ ಆರನೆಯ ಸಂಪುಟ ಕಡೂರು ಜಿಲ್ಲೆಯದು. ಪ್ರತಿ ತಾಲ್ಲೂಕಿನ ಶಾಸನಗಳಿಗೂ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟರು. ಪಾಂಬಬ್ಬೆಯದು ಕಡೂರು 1. ತರೀಕೆರೆ ಬಳಿಯ ಅಮೃತಪುರದ ಅಮೃತೇಶ್ವರ ದೇವಾಲಯದ 1197ರ ದೊಡ್ಡ ಶಾಸನ ತರೀಕೆರೆ 45. ಅದನ್ನು ರಚಿಸಿದವನು ಯಶೋಧರ ಚರಿತೆಯ ಕವಿ ಜನ್ನ. ಇಂದಿಗೂ ಕನ್ನಡ ಎಂ.ಎ. ವಿದ್ಯಾರ್ಥಿ ಜನ್ನನ ಕಾಲ ನಿರ್ಣಯಿಸುವಾಗ 'ತರೀಕೆರೆ 45' ಎಂದೇ ಬರೆಯುತ್ತಾನೆ, ತರೀಕೆರೆಯನ್ನು ನೋಡದಿದ್ದರೂ!

ಅಜ್ಜಂಪುರದ ಹೆಸರು ಈ ಸಂಪುಟದ ತಾಲ್ಲೂಕುಗಳ ಪಟ್ಟಿಯಲ್ಲಿಲ್ಲ. ಆಗ ಅದು ತರೀಕೆರೆಗೆ ಸೇರಿದ ಊರು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಯಿತು. ಹಾಗಾಗಿ ಅಜ್ಜಂಪುರದ ಹಳೆಯ ಸಂಗತಿ ಹುಡುಕುವವರು ತರೀಕೆರೆಯ ಹೆಸರಿನಲ್ಲಿ ಹುಡುಕಬೇಕು. ಇಡೀ ಜಿಲ್ಲೆಯದೂ ಇದೇ ಪಾಡು. ಆಡಳಿತ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋದರೂ ಜಿಲ್ಲೆಯ ಹೆಸರು 1947ರವರೆಗೆ ಕಡೂರು ಎಂದೇ ಉಳಿಯಿತು. ದಾಖಲೆಗಳ ಪಟ್ಟಿಯಲ್ಲಿ ಚಿಕ್ಕಮಗಳೂರು ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ಎದ್ದು ಬರುವವರು ಕಡೂರು ಎಂದು ಇನ್ನೊಮ್ಮೆ ಹುಡುಕುವುದು ಒಳ್ಳೆಯದು.

ಕಲ್ಲಿನ ಕತೆ ಹೀಗಾದರೆ ಕಾಗದದ್ದು ಬೇರೆ. ಕಾಗದವನ್ನು ಯಾರು ಇಟ್ಟುಕೊಂಡರೋ ಅವರ ಮಾತೇ ಚರಿತ್ರೆಯಾಗುತ್ತದೆ. ತರೀಕೆರೆ ಪಾಳೆಯಗಾರರನ್ನೇ ನೋಡಿ. ಮೂಲತಃ ಬಸವಾಪಟ್ಟಣದವರು, ಬಿಜಾಪುರದ ಸೈನ್ಯದ ಒತ್ತಡಕ್ಕೆ ಸಂತೆಬೆನ್ನೂರಿಗೂ ಅಲ್ಲಿಂದ ತರೀಕೆರೆ ಕಡೆಗೂ ಸರಿದವರು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆ ತಾಳಲಾರದೆ ದಂಗೆಯೆದ್ದಾಗ ತರೀಕೆರೆಯ ಸರ್ಜಾ ಹನುಮಪ್ಪ ನಾಯಕ ಅವರ ಜೊತೆ ಸೇರಿದ. ದಂಗೆಯನ್ನು ಅಡಗಿಸಿದ ಮೇಲೂ ಕೈಗೆ ಸಿಗದೆ ಓಡಾಡಿದ. 1834ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಈ ದಂಗೆಯ ನೆಪದಲ್ಲೇ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ಆಮೇಲೆ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ವಿಚಾರಣೆ ನಡೆಸಿ 1833ರಲ್ಲಿ ವರದಿ ಕೊಟ್ಟಿತು. ಹನುಮಪ್ಪ ನಾಯಕನ ಬಗ್ಗೆ ನಾವು ಓದುವುದರಲ್ಲಿ ಹೆಚ್ಚಿನದು ಇಂಥ ವರದಿಗಳಿಂದ, ಅವುಗಳನ್ನು ನೋಡಿ ಬರೆದ ಗೆಜೆಟಿಯರುಗಳಿಂದ ಬಂದದ್ದು. ಅಂದರೆ ಅವನನ್ನು ನೇಣಿಗೆ ಹಾಕಿದವರ ಕಡೆಯ ಮಾತು.

ಇದಕ್ಕೆ ಎದುರು ಉದಾಹರಣೆಯೂ ಇದೇ ಹಳೆಯ ಕಡೂರು ಜಿಲ್ಲೆಯಲ್ಲಿದೆ. 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಒಂದು ಕಾಗದದ ಕಟ್ಟು ಬಿಚ್ಚಿದರು. ಅದರಲ್ಲಿ ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳಿದ್ದವು. ಮರಾಠರ ದಂಡು ಮಠವನ್ನು ಲೂಟಿ ಮಾಡಿದ ಸಂಗತಿ ಅವುಗಳಿಂದ ಬೆಳಕಿಗೆ ಬಂತು. ಟಿಪ್ಪು ಬಗ್ಗೆ ಈಗಲೂ ನಡೆಯುವ ವಾಗ್ವಾದದಲ್ಲಿ ಈ ಪತ್ರಗಳ ಹೆಸರು ಬಾರದೆ ಇರುವುದಿಲ್ಲ. ನೂರಿಪ್ಪತ್ತು ವರ್ಷ ಯಾರೂ ಓದದಿದ್ದರೂ ಯಾರೂ ಎಸೆಯಲೂ ಇಲ್ಲ ಎಂಬುದೇ ಇಲ್ಲಿನ ವಿಶೇಷ. ಮಠಕ್ಕೆ ವಾರಸುದಾರರು ಇರುತ್ತಾರೆ, ಉಗ್ರಾಣ ಇರುತ್ತದೆ. ಪಾಳೆಯಗಾರನಿಗೆ ಎರಡೂ ಇಲ್ಲದೆ ಹೋದವು.

ಹಳ್ಳಿಗಳಲ್ಲಿ ಈ ಉಗ್ರಾಣದ ಕೆಲಸ ಮಾಡುತ್ತಿದ್ದುದು ಶಾನುಭೋಗರ ಅಟ್ಟ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಪ್ಪು ಪುಸ್ತಕಕ್ಕೆ ಕಡತ ಎಂದು ಹೆಸರು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. (ಇಂದು ಸರ್ಕಾರಿ ಕಚೇರಿಯಲ್ಲಿ 'ಕಡತ ವಿಲೇವಾರಿ' ಎನ್ನುವ ಗುಮಾಸ್ತರಿಗೆ ಆ ಪದ ಹುಣಿಸೆ ಬೀಜದಿಂದ ಬಂದದ್ದೆಂದು ಗೊತ್ತಿರುವುದು ಅಪರೂಪ.) 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ ವಂಶಪಾರಂಪರ್ಯ ಶಾನುಭೋಗಿಕೆ ಮುಗಿಯಿತು. ಸರ್ಕಾರಕ್ಕೆ ಬೇಕಾದ ಪುಸ್ತಕಗಳು ತಾಲ್ಲೂಕು ಕಚೇರಿಗೆ ಹೋದವು, ಉಳಿದವು ಅಟ್ಟದಲ್ಲೇ ಗೆದ್ದಲಿಗೆ ಬಿದ್ದವು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕತೆಯನ್ನು ಜಮೀನಿನ ವ್ಯಾಜ್ಯ ಕಂಡವರಿಗೆ ಹೇಳಬೇಕಾಗಿಲ್ಲ. ಈಗ ಆ ಕಡೆ ಒಂದು ಒಳ್ಳೆಯ ಕೆಲಸ ನಡೆದಿದೆ. ಕಂದಾಯ ಇಲಾಖೆ 2024ರಲ್ಲಿ 'ಭೂ ಸುರಕ್ಷಾ' ಎಂಬ ಯೋಜನೆಯಡಿ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸಲು ತೊಡಗಿತು. ಮೊದಲು ಜಿಲ್ಲೆಗೊಂದು ತಾಲ್ಲೂಕು, ನಂತರ ಉಳಿದವು. ಉದ್ದೇಶ ಚರಿತ್ರೆಯಲ್ಲ, ಫೋರ್ಜರಿ ತಡೆಯುವುದು. ಆದರೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಜಮೀನುಗಳ ಸರ್ವೆ ನಂಬರು, ಉಳುತ್ತಿದ್ದವನ ಹೆಸರು ಹುಡುಕಬೇಕಾದರೂ ಇಂಥ ಪುಸ್ತಕಗಳಿಗೇ ಹೋಗಬೇಕು.

ಅಜ್ಜಂಪುರದಲ್ಲಿ ಇನ್ನೊಂದು ಬಗೆಯ ಲೆಕ್ಕವಿದೆ. ಅದು ದನದ ಲೆಕ್ಕ. ಮೈಸೂರು ಅರಸರ ಬೆಣ್ಣೆ ಚಾವಡಿಯ ಹಸುಗಳಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಅವು ಬ್ರಿಟಿಷರ ಪಾಲಾದವು. 1860ರಲ್ಲಿ ಖರ್ಚು ಉಳಿಸಲು ಹಿಂಡನ್ನೇ ಮಾರಿದರು, ಫಿರಂಗಿ ಎಳೆಯುವ ಎತ್ತಿಗೆ ಬರ ಬಂದಾಗ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಶುರುವಾಯಿತು. ಇಂಥ ಕೇಂದ್ರದಲ್ಲಿ ಯಾವ ಕರುವಿನ ತಾಯಿ ಯಾವುದು, ತಂದೆ ಯಾವುದು ಎಂದು ಬರೆದಿಡುವುದೇ ಕೆಲಸ. ಕೇಂದ್ರದ ಹೋರಿಕರುಗಳ ಹರಾಜಿಗೆ ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯಿಂದ ರೈತರು ಬರುವುದೂ ಆ ವಂಶಾವಳಿಯ ಮೇಲಿನ ನಂಬಿಕೆಯಿಂದ. ಅಜ್ಜಂಪುರದ ಹೋರಿಯ ಮುತ್ತಜ್ಜನನ್ನು ಪತ್ತೆ ಮಾಡುವುದು ಅಜ್ಜಂಪುರದಲ್ಲಿ ನಡೆದ ಒಂದು ಸಭೆಯ ಸುದ್ದಿ ಪತ್ತೆ ಮಾಡುವುದಕ್ಕಿಂತ ಸುಲಭ ಎಂದರೆ ಅದರಲ್ಲಿ ತಮಾಷೆಯೇನೂ ಇಲ್ಲ.

ಏಕೆಂದರೆ ಆ ಸುದ್ದಿ ಇದ್ದದ್ದು ಸಣ್ಣ ಊರಿನ ಪತ್ರಿಕೆಯಲ್ಲಿ. ಟ್ರೆಡಲ್ ಮೆಷಿನ್ನಿನಲ್ಲಿ ಅಚ್ಚಾಗಿ ವಾರಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಪತ್ರಿಕೆಗಳನ್ನು ದೊಡ್ಡ ಪತ್ರಿಕೆಯವರು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಆದರೆ ಅಡಿಕೆ ಧಾರಣೆ, ಜಾತ್ರೆಯ ಕರೆ, ನಾಟಕ ಕಂಪನಿಯ ಮುಕ್ಕಾಮು, ಪುರಸಭೆಯ ಟೆಂಡರು, ಕೋರ್ಟಿನ ನೋಟೀಸು, ಪರೀಕ್ಷೆಯಲ್ಲಿ ಪಾಸಾದವರ ಹೆಸರು, ಶ್ರದ್ಧಾಂಜಲಿ, ಇವೆಲ್ಲ ಇರುತ್ತಿದ್ದುದು ಅಲ್ಲೇ. ಬೆಂಗಳೂರಿನ ದಿನಪತ್ರಿಕೆಯಲ್ಲಿ ತರೀಕೆರೆಗೆ ಸಿಕ್ಕುತ್ತಿದ್ದುದು ಅಪಘಾತವಾದರೆ ಮೂರು ಸಾಲು, ಮಂತ್ರಿ ಬಂದರೆ ಆರು ಸಾಲು.

ಕಾನೂನು ಇರಲಿಲ್ಲವೆಂದಲ್ಲ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅಚ್ಚಾದ ಪ್ರತಿಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದಿತ್ತು. 1954ರ ಇನ್ನೊಂದು ಕಾಯ್ದೆ ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕೆಂದಿತು, 1956ರ ತಿದ್ದುಪಡಿ ಪತ್ರಿಕೆಗಳನ್ನೂ ಅದರೊಳಗೆ ತಂದಿತು. 1867ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದು 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಆದರೆ ಸಂಪಾದಕ, ವರದಿಗಾರ, ಮೊಳೆ ಜೋಡಿಸುವವ, ಚಂದಾ ವಸೂಲಿಗಾರ ಎಲ್ಲವೂ ಒಬ್ಬನೇ ಆಗಿರುವ ಪತ್ರಿಕೆಯಿಂದ ವಾರವಾರವೂ ನಾಲ್ಕು ಊರಿಗೆ ಅಂಚೆ ಹೋಗುವುದೆಂದು ಯಾರು ನಂಬುತ್ತಾರೆ?

ಕಾಗದವೂ ಮೋಸ ಮಾಡುತ್ತದೆ. ನ್ಯೂಸ್‌ಪ್ರಿಂಟ್ ಎಂದರೆ ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಮರದ ಲಿಗ್ನಿನ್ ಎಂಬ ಅಂಶ ಅದರಲ್ಲೇ ಉಳಿದಿರುತ್ತದೆ. ಬಿಸಿಲು, ಗಾಳಿ ತಾಗಿದಂತೆ ಹಳದಿಯಾಗಿ, ಒಳಗಿನ ಆಮ್ಲ ಎಳೆಗಳನ್ನು ತಿಂದು, ಮಡಿಕೆಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ನೂರಾರು ವರ್ಷದ ತಾಳೆಗರಿ ಓದಲು ಬರುತ್ತದೆ, ಐವತ್ತು ವರ್ಷದ ಪತ್ರಿಕೆ ಮುಟ್ಟಲು ಬರುವುದಿಲ್ಲ.

ಆದರೂ ಉಳಿಯುವುದು ಅಸಾಧ್ಯವೇನಲ್ಲ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಉಳಿದದ್ದು ಬಾಸೆಲ್ ಮಿಷನ್‌ನವರು ತಮ್ಮ ಕಾಗದಗಳನ್ನು ಜೋಪಾನ ಮಾಡಿದ್ದರಿಂದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಕನ್ನಡವೂ ಸೇರಿ ನಮ್ಮ ಭಾಷೆಗಳ ಪ್ರಕಟಣೆಗಳನ್ನು ಕೊಳ್ಳತೊಡಗಿತು. ತಮ್ಮ ದೇಶದಲ್ಲಿ ಅವರು 1982ರಿಂದ ರಾಜ್ಯ ರಾಜ್ಯಗಳಲ್ಲಿ ಹಳೆಯ ಊರಿನ ಪತ್ರಿಕೆಗಳ ಪಟ್ಟಿ ಮಾಡಿ ಮೈಕ್ರೋಫಿಲ್ಮ್ ತೆಗೆದರು. ನಮ್ಮಲ್ಲಿ 1973ರಿಂದ ರಾಜ್ಯ ಪತ್ರಾಗಾರ ಇಲಾಖೆ ಇದೆ. ಆದರೆ ಅದರ ಮುಖ್ಯ ಆಸ್ತಿ ಸರ್ಕಾರಿ ಕಡತ. ಬೆಂಗಳೂರಿನಲ್ಲಿ ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕ, ನಿಯತಕಾಲಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಹಾಕುತ್ತಿದ್ದಾರೆ. ಅಲ್ಲಿಗೆ ಊರಿನ ಪತ್ರಿಕೆ ಹೋಗಬೇಕಾದರೆ ಮೊದಲು ಯಾರ ಮನೆಯಲ್ಲಿದೆಯೆಂದು ಗೊತ್ತಾಗಬೇಕು.

ಎಲ್ಲಿ ಹುಡುಕುವುದು? ಸಂಪಾದಕರ ಮನೆ, ಮುಚ್ಚಿದ ಪ್ರೆಸ್ಸು ಸರಿಯೇ. ಇನ್ನೆರಡು ಜಾಗಗಳಿವೆ. ಕೋರ್ಟಿನ ನೋಟೀಸು ಪತ್ರಿಕೆಯಲ್ಲಿ ಪ್ರಕಟವಾದರೆ ಆ ಸಂಚಿಕೆಯನ್ನು ಕೇಸಿನ ಕಾಗದದ ಜೊತೆ ಹಾಜರುಪಡಿಸಬೇಕು. ಜಾಹೀರಾತಿನ ಬಿಲ್ಲು ಪಾಸಾಗಲು ಪುರಸಭೆಗೆ ಪತ್ರಿಕೆಯ ಪ್ರತಿ ಲಗತ್ತಿಸಬೇಕು. ಹಳೆಯ ವಕೀಲರ ಕಪಾಟು, ಪುರಸಭೆಯ ವೋಚರು ಕಟ್ಟುಗಳಲ್ಲಿ ಹೀಗೆ ಬಿಡಿ ಸಂಚಿಕೆಗಳು ಅಡಗಿ ಕೂತಿರುವ ಸಾಧ್ಯತೆ ಇದೆ.

ಸಿಕ್ಕಿದರೆ ಸೆಲ್ಲೋಟೇಪು ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡ, ಎರಡೂ ಕಾಗದವನ್ನು ಕೊಲ್ಲುತ್ತವೆ. ಮಡಿಕೆ ಬಿಚ್ಚಿ, ಗೋಡೆಗೆ ತಾಗದಂತೆ ಕಬ್ಬಿಣದ ಕಪಾಟಿನಲ್ಲಿ ಮಲಗಿಸಿ ಇಡಬೇಕು. ನುಸಿಗೆ ಬೇವು, ಬಜೆಯನ್ನು ನಮ್ಮ ಹಿರಿಯರು ಬಳಸುತ್ತಿದ್ದರು. ಕೊನೆಯ ಪುಟದ ಅಡಿಯಲ್ಲಿ ಮುದ್ರಕರು, ಪ್ರಕಾಶಕರು, ಅಚ್ಚಾದ ಪ್ರೆಸ್ಸು ಎಂದು ಕಾನೂನಿನ ಪ್ರಕಾರ ಹಾಕಿದ ಒಂದು ಸಣ್ಣ ಸಾಲು ಇರುತ್ತದೆ. ಮೊದಲು ಹರಿಯುವುದು ಆ ಅಂಚೇ. ಅದು ಉಳಿದಿದ್ದರೆ ಮುಖಪುಟವೇ ಇಲ್ಲದಿದ್ದರೂ ಪತ್ರಿಕೆ ಯಾವ ಊರಿನದೆಂದು ಹೇಳಬಹುದು.